ಬಳ್ಳಾರಿಗೆ ಹೊರಟಿದ್ದ ತಣ್ಣನೆಯ ಬಸ್ಸು

ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಒಂದರ ಕೊನೆಯ ಹನ್ನೊಂದು ಪುಟಗಳಿಗೂ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಗೂ ಯಾವ ಸಂಬಂಧವೂ ಇಲ್ಲ. ಆ ಪುಟಗಳಲ್ಲಿ ನಾಲ್ಕು ಕಾಲಂ ಎಳೆದಿದ್ದೇನೆ: ಗಂಟೆ, ಬಸ್ಸಿನೊಳಗಿನ ಉಷ್ಣಾಂಶ, ಗಾಳಿ ತಂಪೋ ಅಲ್ಲವೋ, ಆಗ ಅಲ್ಲಿ ಯಾರಿದ್ದರು. ಅರವತ್ತರ ದಶಕದ ಒಂದು ಬೇಸಿಗೆಯ ಮೂರು ಬೆಳಗುಗಳ ದಾಖಲೆ ಅದು. ಇಂದು ತೆರೆದು ಓದಿದರೂ ಎದೆ ಸ್ವಲ್ಪ ಬೇಗ ಬಡಿದುಕೊಳ್ಳುತ್ತದೆ.

ಆಗ ನಾನು ಜಯನಗರದಲ್ಲಿ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಬಡಾವಣೆ ಹೊಸದು. ಸೈಟುಗಳ ಮೂಲೆಗೆ ಕಲ್ಲು ನೆಟ್ಟಿದ್ದರು, ರಸ್ತೆಗೆ ಇನ್ನೂ ಟಾರು ಬಿದ್ದಿರಲಿಲ್ಲ. ಒಂದು ಲಾರಿ ಹೋದರೆ ಕಾಲು ಗಂಟೆ ಕೆಂಪು ಧೂಳು ಗಾಳಿಯಲ್ಲೇ ನಿಂತಿರುತ್ತಿತ್ತು. ನನ್ನ ಕೆಲಸ ಮಧ್ಯಾಹ್ನ ಮೂರಕ್ಕೆ ಶುರು, ಬೆಳಗೆಲ್ಲ ನನ್ನದೇ. ಪಕ್ಕದ ಮನೆಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ಮತ್ತು ಅವರ ಪತ್ನಿ ಇದ್ದರು. ಅವರನ್ನು ನಾನು ಸಾರ್ ಎನ್ನುತ್ತಿದ್ದೆ, ಆಕೆಯನ್ನು ಅಮ್ಮ ಎನ್ನುತ್ತಿದ್ದೆ. ಬೆಳಗಿನ ಎರಡನೆಯ ಕಾಫಿ ಅವರ ಮನೆಯಲ್ಲಿ ಎಂಬುದು ಯಾರೂ ಹೇಳದೆ ಊರ್ಜಿತವಾದ ಕಾನೂನು.

ಅಮ್ಮನಿಗೆ ಬಿಸಿಲು ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಬೆನ್ನು, ಎರಡೂ ತೋಳು ಸುಟ್ಟಿದ್ದವು. ಗಾಯ ಮಾಯಿತು. ಆದರೆ ಆ ಚರ್ಮ ಬೆವರುವುದನ್ನು ಮರೆತುಬಿಟ್ಟಿತ್ತು. ಸೆಕೆ ಹೆಚ್ಚಾದರೆ ಮುಖ ಕೆಂಪಗಾಗಿ ತಲೆ ತಿರುಗಿ ಬೀಳುತ್ತಿದ್ದರು. ಬೆಂಗಳೂರಿನ ಬೇಸಿಗೆಯನ್ನು ಒದ್ದೆ ಟವೆಲ್ಲು, ಕಲ್ಲುಹಾಸಿನ ನಡುಮನೆ ಇವುಗಳಲ್ಲಿ ಕಳೆಯಬಹುದಿತ್ತು. ಅವರ ತವರು ಬಳ್ಳಾರಿ. ಅಲ್ಲಿಗೆ ಅವರು ಮಾರ್ಗಶಿರ, ಪುಷ್ಯಗಳಲ್ಲಿ ಹೋಗಿಬರುತ್ತಿದ್ದರೇ ಹೊರತು ಬೇಸಿಗೆಯಲ್ಲಿ ಕಾಲಿಟ್ಟು ಇಪ್ಪತ್ತೈದು ವರ್ಷದ ಮೇಲಾಗಿತ್ತು.

ಆ ವರ್ಷ ತಂಗಿಯ ಮಗಳ ಮದುವೆ ಬಂತು. ಗಂಡಿನ ಕಡೆಯವರಿಗೆ ಬೇರೆ ಮುಹೂರ್ತ ಹೊಂದಲಿಲ್ಲ; ವೈಶಾಖದಲ್ಲೇ, ಬಳ್ಳಾರಿಯಲ್ಲೇ. ಆ ಹುಡುಗಿ ಏಳು ವರ್ಷದವಳಾಗುವವರೆಗೆ ಬೆಳೆದದ್ದು ಇವರ ಹಳೆಯ ಮನೆಯಲ್ಲಿ, ಈ ದೊಡ್ಡಮ್ಮನ ಮಡಿಲಲ್ಲಿ. ಅವಳು ಚಿಕ್ಕವಳಿದ್ದಾಗ ತಲೆ ಬಾಚುತ್ತಾ ಅಮ್ಮ ಒಂದು ಮಾತು ಕೊಟ್ಟಿದ್ದರಂತೆ: ನಿನ್ನ ಮದುವೆಗೆ ಮೊಗ್ಗಿನ ಜಡೆ ನನ್ನ ಕೈಯಿಂದಲೇ. ಹುಡುಗಿ ಮರೆತಿರಲಿಲ್ಲ. ಲಗ್ನಪತ್ರಿಕೆಯ ಜೊತೆ ಬಂದ ಕಾಗದದಲ್ಲಿ ಒಂದೇ ಸಾಲು ಬರೆದಿದ್ದಳು: "ದೊಡ್ಡಮ್ಮ, ಜಡೆಗೆ ಇಲ್ಲಿ ಯಾರಿಗೂ ಹೇಳಿಲ್ಲ."

ಎಂಜಿನಿಯರರು ಆ ಕಾಗದವನ್ನು ಎರಡು ಸಲ ಓದಿದರು. ಮಾರನೆಯ ವಾರ ಅವರ ಕಾಂಪೌಂಡಿಗೆ ಹಳೆಯ ಬಸ್ಸೊಂದು ಬಂದು ನಿಂತಿತು!

ಸರ್ವೀಸಿನಿಂದ ತೆಗೆದುಹಾಕಿದ ಬಸ್ಸು. ಸೀಟುಗಳನ್ನು ಕಿತ್ತು ಒಳಗೆ ಎರಡು ಮಂಚ, ಗೋಡೆಗೆ ಮಡಚುವ ಮೇಜು, ಸ್ಟೌ ಇಡಲು ತಗಡಿನ ಕಟ್ಟೆ, ನೀರಿನ ಪೀಪಾಯಿ ಕೂರಿಸಿದರು. ಕಿಟಕಿಗಳಿಗೆ ಒಳಗಿನಿಂದ ತೆಂಗಿನ ನಾರಿನ ಹಲಗೆ ಹೊಡೆದರು. ಕೊನೆಗೆ ಬಸ್ಸಿನ ಹಿಂಬದಿಯಲ್ಲಿ ಚೌಕಾಕಾರದ ಕಿಂಡಿ ಕೊರೆದು, ಹರಾಜಿನಲ್ಲಿ ಸಿಕ್ಕ ಒಂದು ಏರ್‌ಕಂಡೀಷನರನ್ನು ಅದರಲ್ಲಿ ಕೂರಿಸಿದರು. ಅರ್ಧ ಒಳಗೆ, ಅರ್ಧ ಹೊರಗೆ. ಮನೆಯ ಮುಂದೆ ನಿಂತಾಗ ದಪ್ಪ ವೈರಿನಲ್ಲಿ ಮನೆಯ ಕರೆಂಟು, ದಾರಿಯಲ್ಲಿ ಬಸ್ಸಿನ ತಲೆಯ ಮೇಲೆ ಕಟ್ಟಿದ ಪೆಟ್ರೋಲ್ ಜನರೇಟರು. ಮೊದಲ ದಿನ ಸ್ವಿಚ್ಚು ಒತ್ತಿದಾಗ ನಾನೂ ಒಳಗಿದ್ದೆ. ಹೊರಗೆ ತೊಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಒಳಗೆ ಅರ್ಧ ಗಂಟೆಯಲ್ಲಿ ಎಪ್ಪತ್ತೇಳು. ಅಮ್ಮ ಸೆರಗನ್ನು ಹೆಗಲಿಗೆ ಎಳೆದುಕೊಂಡು, "ಅಯ್ಯೋ, ಚಳಿ ಕಣ್ರೀ!" ಎಂದರು. ಏಪ್ರಿಲ್ ತಿಂಗಳಲ್ಲಿ ಅವರ ಬಾಯಿಂದ ಆ ಮಾತು ಕೇಳಿ ಎಂಜಿನಿಯರರು ಕನ್ನಡಕ ತೆಗೆದು ಒರೆಸಿಕೊಂಡರು.

ಮದುವೆಗೆ ಹತ್ತು ದಿನ ಉಳಿದಿರುವಾಗ, ಒಂದು ಭಾನುವಾರ, ಪರೀಕ್ಷೆಗೆಂದು ಬಸ್ಸನ್ನು ಉತ್ತರಹಳ್ಳಿಯವರೆಗೆ ಓಡಿಸಿದರು. ಹೋಗುವಾಗ ಇಪ್ಪತ್ತು ನಿಮಿಷ ಸೊಗಸಾಗಿತ್ತು. ಆಮೇಲೆ ಗಾಳಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ. ಮುಚ್ಚಿದ ಬಸ್ಸು ಹಬೆಯ ಪಾತ್ರೆಯಾಯಿತು. ಹೊಲದ ಬದಿ ನಿಲ್ಲಿಸಿ, ಬಾವಿಯಿಂದ ನೀರು ತಂದು ಅಮ್ಮನ ತೋಳುಗಳಿಗೆ ಟವೆಲ್ಲು ಸುತ್ತಿ, ಹೊತ್ತು ತಗ್ಗಿದ ಮೇಲೆ ವಾಪಸು ಬಂದರು. ಎಂಜಿನಿಯರರು ಆ ಸಂಜೆ ಕಾಫಿ ಕುಡಿಯಲಿಲ್ಲ.

"ಇಲ್ಲೇ ಉತ್ತರಹಳ್ಳೀಲಿ ಹೀಗಾದ್ರೆ ಚಿತ್ರದುರ್ಗ ದಾಟಿದ ಮೇಲೆ ಏನು ಮಾಡ್ಲಿ? ಅಲ್ಲಿ ಬಾವಿ ಹುಡುಕ್ಕೊಂಡು ಕೂತ್ಕೊಳ್ಳಾ?" ಎಂದು ನನ್ನನ್ನೇ ಕೇಳಿದರು. "ಶುಕ್ರವಾರ ಮಧ್ಯಾಹ್ನದೊಳಗೆ ಸರಿ ಹೋಗ್ಬೇಕು. ಇಲ್ಲಾಂದ್ರೆ ಬರಲ್ಲ ಅಂತ ತಂತಿ ಕೊಟ್ಟುಬಿಡ್ತೀನಿ. ಅವರಾದರೂ ಜಡೆಗೆ ಬೇರೆಯವರನ್ನ ಗೊತ್ತು ಮಾಡ್ಕೊಳ್ಳಲಿ."

ಅಡಿಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದರು. ಆ ಸದ್ದು ನಿಂತಿತು.

ಸೋಮವಾರ ಮೇಸ್ತ್ರಿ ಬಂದ. ಕಲಾಸಿಪಾಳ್ಯದ ಹತ್ತಿರ ಐಸ್ ಫ್ಯಾಕ್ಟರಿಯ ಯಂತ್ರಗಳನ್ನು ನೋಡಿಕೊಳ್ಳುವವನು. ಸೈಕಲ್ಲಿನ ಹ್ಯಾಂಡಲಿಗೆ ಸ್ಪ್ಯಾನರುಗಳ ಚೀಲ, ಮೊಣಕೈವರೆಗೆ ಗ್ರೀಸು. ಬಸ್ಸಿನ ಒಳಗೂ ಹೊರಗೂ ಓಡಾಡಿ, ಯಂತ್ರ ಹಾಕಿಸಿ, ಮುಂದೆ ಕೈ ಹಿಡಿದ.

"ಸಾಮಿ, ಐಸ್‌ನಂಗೆ ಬತ್ತಾ ಐತೆ. ಏನ್ ತೊಂದ್ರೆ?"

ನಿಜ. ತಂಪು ಬರುತ್ತಿತ್ತು. ಅವನು ಹೋಗಿ ಒಂದು ಗಂಟೆಯ ನಂತರ ಮತ್ತೆ ಹಾಕಿದರೆ ಇಪ್ಪತ್ತೇ ನಿಮಿಷ, ಆಮೇಲೆ ಬರಿ ಗಾಳಿ.

ಮಂಗಳವಾರವೂ ಬಂದ. ಒಳಗಿನ ಜಾಲರಿ ಬಿಚ್ಚಿ ತೊಳೆದ. ಕೊಳವೆಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಗುಳ್ಳೆ ಎದ್ದರೆ ಗ್ಯಾಸು ಸೋರುತ್ತಿದೆ ಎಂದರ್ಥ. ಒಂದೂ ಏಳಲಿಲ್ಲ. ಎಂಜಿನಿಯರರು ವೋಲ್ಟ್‌ಮೀಟರು ಹಿಡಿದು ಕೂತರು. ಮುಳ್ಳು ಅಲ್ಲಾಡಲಿಲ್ಲ. ಅವನು ಇದ್ದ ಎರಡು ಗಂಟೆಯೂ ಬಸ್ಸಿನೊಳಗೆ ಮಾಘಮಾಸ. ಅವನ ಸೈಕಲ್ಲು ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆ ವೈಶಾಖ.

"ನನ್ ಕಂಡ್ರೆ ಭಯ ಅದಕ್ಕೆ, ಸಾಮಿ," ಎಂದ ಮೇಸ್ತ್ರಿ, ಅದೇ ಮಧ್ಯಾಹ್ನ ಮತ್ತೆ ಕರೆಸಿದಾಗ.

"ಹಾಗಾದ್ರೆ ನೀನೂ ಬಳ್ಳಾರಿಗೆ ಬಂದುಬಿಡಪ್ಪ. ಬಸ್ಸಲ್ಲಿ ಸುಮ್ನೆ ಕೂತ್ಕೊ. ಮದುವೆ ಊಟ ಹಾಕಿಸ್ತೀನಿ."

"ನಾನ್ ಬಂದ್ರೆ ಇಲ್ಲಿ ಫ್ಯಾಕ್ಟ್ರಿ ಐಸೆಲ್ಲಾ ಕರಗೋಯ್ತದೆ!"

ನಕ್ಕೆವು, ಆದರೆ ಯಂತ್ರದ ಒಗಟು ಹಾಗೇ ಉಳಿಯಿತು. ಆಗಲೇ ನಾನು ನೋಟ್‌ಬುಕ್ಕು ತೆಗೆದದ್ದು. ಪತ್ರಿಕೆಯಲ್ಲಿ ನಮ್ಮ ಮುಖ್ಯ ಉಪಸಂಪಾದಕರು ಹೇಳುತ್ತಿದ್ದರು: ಗೊತ್ತಿಲ್ಲದಿದ್ದಾಗ ಊಹಿಸಬೇಡ, ಹೊತ್ತು ಗೊತ್ತು ಬರೆದಿಡು. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಗೋಡೆಯ ಉಷ್ಣಮಾಪಕವನ್ನು ಬಸ್ಸಿನೊಳಗೆ ತೂಗುಹಾಕಿ, ನಾಲ್ಕು ಕಾಲಂ ಎಳೆದು ಕೂತೆ.

ಒಂಬತ್ತು ಗಂಟೆ, ಎಂಬತ್ತಾರು, ಯಂತ್ರ ಚಾಲೂ, ನಾನೊಬ್ಬನೇ. ಒಂಬತ್ತೂ ಹದಿನೈದು, ಎಂಬತ್ತೊಂದು, ತಂಪು. ಒಂಬತ್ತೂ ಇಪ್ಪತ್ತೆರಡು: ಎಲ್ಲೋ ಟಕ್ ಎಂದಿತು, ಗುಂಯ್‌ಗುಡುವ ಸದ್ದಿನಲ್ಲಿ ಅರ್ಧ ಹೊರಟುಹೋಯಿತು, ಫ್ಯಾನಿನ ಸದ್ದು ಮಾತ್ರ ಉಳಿಯಿತು. ಹತ್ತು ಗಂಟೆ, ಎಂಬತ್ತೇಳು, ಬರಿ ಗಾಳಿ. ಹನ್ನೊಂದಕ್ಕೆ ಐದು ನಿಮಿಷವಿದೆ ಎನ್ನುವಾಗ ಗೇಟಿನಲ್ಲಿ ಸೈಕಲ್ ಬೆಲ್ಲು, ಮೇಸ್ತ್ರಿ ಬಂದ. ಅವನು ಕಾಫಿ ಕುಡಿದು, ಎಲೆಅಡಿಕೆ ಹಾಕಿ, ಹನ್ನೊಂದೂ ಕಾಲಿಗೆ ಎದ್ದು ಯಂತ್ರದ ಹತ್ತಿರ ಬರುವಷ್ಟರಲ್ಲಿ ಮತ್ತೆ ಟಕ್. ಹನ್ನೊಂದೂವರೆಗೆ ಎಂಬತ್ತು!

ಅವನು ಕೈಯಿಟ್ಟಿರಲೇ ಇಲ್ಲ. ಇದನ್ನು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಟಕ್ ಸದ್ದಿನ ಅರ್ಥವನ್ನು ಮೇಸ್ತ್ರಿಯೇ ಹೇಳಿದ. ಹೊರಗಿನ ಅರ್ಧದಲ್ಲಿ ಕಂಪ್ರೆಸರ್ ಇದೆ. ತಂಪು ಮಾಡುವುದು ಅದು. ಅದು ವಿಪರೀತ ಕಾದರೆ ತಾನೇ ನಿಲ್ಲಲಿ ಎಂದು ಒಂದು ಪುಟ್ಟ ಸ್ವಿಚ್ಚು ಇಟ್ಟಿರುತ್ತಾರೆ. ಆರಿದ ಮೇಲೆ ತಾನೇ ಹತ್ತಿಕೊಳ್ಳುತ್ತದೆ.

"ಹಾಗಾದ್ರೆ ಯಾಕೆ ಕಾಯ್ತಿದೆ?" ಎಂದೆ.

"ಅದೇ ಗೊತ್ತಾಗ್ತಿಲ್ಲ. ನಾ ನೋಡ್ದಾಗೆಲ್ಲ ಹಿಂದಿಂದ ಬಿಸಿಗಾಳಿ ಚೆಂದಾಗ್ ಹೋಯ್ತಾ ಐತೆ. ಶಾಖ ಹೊರಗ್ ಹೋದ್ರೆ ಅಲ್ವಾ ಒಳಗ್ ತಂಪು?"

ಗುರುವಾರವೂ ಅದೇ ಕಥೆ, ಬೇರೆ ಗಂಟೆಗಳಲ್ಲಿ. ಆ ದಿನ ಮೇಸ್ತ್ರಿ ಬೆಳಗ್ಗೆ ಒಂಬತ್ತಕ್ಕೇ ಬಂದ, ತಂಪು ಒಂಬತ್ತಕ್ಕೇ. ಹತ್ತೂವರೆಗೆ ಹೋದ; ಹನ್ನೊಂದಕ್ಕೆ ಟಕ್. ಬಿಸಿಲಿನ ತಪ್ಪಲ್ಲ, ಕರೆಂಟಿನ ತಪ್ಪಲ್ಲ. ಸಂಜೆ ಕಚೇರಿಯಲ್ಲಿ ಯಾವುದೋ ಸಭೆಯ ವರದಿ ತಿದ್ದುತ್ತಿದ್ದವನು ಕೆಂಪು ಪೆನ್ಸಿಲ್ಲನ್ನು ಹಾಗೇ ಹಿಡಿದು ಕೂತುಬಿಟ್ಟೆ. ಮೇಸ್ತ್ರಿ ಬರುತ್ತಾನೆ, ಯಂತ್ರ ತಂಪಾಗುತ್ತದೆ. ಹಾಗಿದ್ದರೆ ಪ್ರಶ್ನೆ ಮೇಸ್ತ್ರಿ ಏನು ಮಾಡುತ್ತಾನೆ ಎಂಬುದಲ್ಲ. ಅವನು ಬಂದನೆಂದು ಆ ಮನೆಯಲ್ಲಿ ಇನ್ನೇನು ನಡೆಯುತ್ತದೆ? ನಾನು ಕೂತದ್ದು ಬಸ್ಸಿನ ಒಳಗೆ. ಯಂತ್ರದ ಹೊರಗಿನ ಅರ್ಧವನ್ನು ಅವನಿಲ್ಲದಾಗ ಒಮ್ಮೆಯೂ ಕಂಡಿಲ್ಲ!

ಬಸ್ಸನ್ನು ಕಾಂಪೌಂಡಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದ್ದರು. ಅದರ ಬೆನ್ನು ಹಿತ್ತಲಿಗೆ, ಬಟ್ಟೆ ಒಗೆಯುವ ಕಲ್ಲಿನ ಕಡೆಗೆ. ಬಸ್ಸಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟೇ ಜಾಗ. ಮೇಸ್ತ್ರಿಯನ್ನು ಕರೆದುಕೊಂಡು ಹೋಗುವಾಗ ಬಿಟ್ಟರೆ ಎಂಜಿನಿಯರರು ಆ ಕಡೆ ಹೋಗುತ್ತಿರಲಿಲ್ಲ. ಹಿತ್ತಲು ಅಮ್ಮನ ರಾಜ್ಯ.

ಶುಕ್ರವಾರ ಬೆಳಗ್ಗೆ ಮುಂಬಾಗಿಲಿಗೆ ಹೋಗಲಿಲ್ಲ. ಮನೆಗಳ ಹಿಂದಿನ ಗಲ್ಲಿಯಲ್ಲಿ ನಡೆದು ಅವರ ಹಿತ್ತಲಿನ ಮೋಟು ಗೋಡೆಯ ಮೇಲೆ ಕುತ್ತಿಗೆ ಚಾಚಿದೆ.

ಬಸ್ಸಿನ ಬೆನ್ನಿನ ಮೇಲೆ ಎರಡು ಹಸಿರು ಗಿಳಿಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ದಪ್ಪ ದುಸೂತಿ ಬಟ್ಟೆಯ ಮೇಲೆ ಕಸೂತಿ, ನಾಲ್ಕೂ ಅಂಚಿಗೆ ಕೆಂಪು ಮಡಿಕೆ, ಮೂಲೆಗಳಲ್ಲಿ ಬಿಗಿಯಾಗಿ ಕಟ್ಟಿದ ಲಾಡಿ. ಯಂತ್ರದ ಹೊರಗಿನ ಅರ್ಧವನ್ನು ಆ ಗೌಸು ಕೂಸಿಗೆ ಕುಲಾವಿ ಹಾಕಿದಂತೆ ಮುಚ್ಚಿತ್ತು. ಒಳಗಿನಿಂದ ಫ್ಯಾನಿನ ಸದ್ದು ಕೇಳುತ್ತಿತ್ತು, ಗಿಳಿಗಳ ಹೊಟ್ಟೆ ಉಬ್ಬಿ ನಡುಗುತ್ತಿತ್ತು.

ಗೋಡೆ ಹಾರಿದೆ. ಕೈಯಿಟ್ಟೆ. ಇಡ್ಲಿ ಪಾತ್ರೆಯ ಮುಚ್ಚಳ ಮುಟ್ಟಿದ ಹಾಗಾಯಿತು.

"ಏನೋ ಇದು, ಕಳ್ಳನ ಹಾಗೆ ಗೋಡೆ ಹಾರ್ಕೊಂಡು?" ಅಮ್ಮ ಬಕೆಟ್ಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಅಮ್ಮ, ಇದನ್ನ ಯಾವಾಗ ಹಾಕಿದ್ರಿ?"

"ಹೊಲಿದು ಮುಗಿದಿದ್ದು ಹೋದ ಶನಿವಾರ. ಭಾನುವಾರ ಉತ್ತರಹಳ್ಳಿಗೆ ಹೊರಟಾಗ ಮೊದಲನೇ ಸಲ ಕಟ್ಟಿದ್ದು. ಆ ರಸ್ತೆ ಧೂಳು ಗೊತ್ತಲ್ಲ. ಯಾಕೆ, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಮೇಸ್ತ್ರಿ ಬಂದಾಗ ಇರ್ತಿರ್ಲಿಲ್ವಲ್ಲ?"

"ಹೇಗಿರುತ್ತೆ? ಅವನ ಕೈ ನೋಡಿದ್ದೀಯಾ? ಬೆಲ್ ಕೇಳಿಸಿದ ತಕ್ಷಣ ಓಡಿ ಬಂದು ಬಿಚ್ಚಿಟ್ಕೊಳ್ತೀನಿ. ಗ್ರೀಸ್ ಹತ್ತಿದ್ರೆ ಹೋಗುತ್ತೇನೋ? ಅವನು ಆ ಕಡೆ ಹೋದ ಮೇಲೆ ಮತ್ತೆ ಕಟ್ಟೋದು."

"ಯಂತ್ರ ನಡೀತಿರೋವಾಗಲೂ?"

"ಅದಕ್ಕೇನು? ರೇಡಿಯೋಗೂ ಹಾಗೇ ತಾನೇ ಹಾಕಿರೋದು? ಮುಂದೆ ತೆರೆದಿದೆ, ಹಿಂದೆ ಮುಚ್ಚಿದೆ. ಹಾಡು ಮುಂದಿನಿಂದ ತಾನೇ ಬರೋದು?"

ಆ ಮನೆಯ ರೇಡಿಯೋಗೆ ಮಲ್ಲಿಗೆ ಬಳ್ಳಿಯ ಗೌಸಿತ್ತು. ಹೊಲಿಗೆ ಯಂತ್ರಕ್ಕೆ ನವಿಲು. ಟೇಬಲ್ ಫ್ಯಾನಿಗೆ, ಗಡಿಯಾರಕ್ಕೆ, ಎಂಜಿನಿಯರರ ಟೈಪ್‌ರೈಟರಿಗೆ ಒಂದೊಂದು. ಜಯನಗರದ ಯಾವ ಮನೆಗೆ ಹೋದರೂ ಇದೇ. ಕೆಂಪು ಧೂಳಿನ ಊರಿನಲ್ಲಿ ವಸ್ತುವಿನ ಮೇಲೆ ಪ್ರೀತಿ ಇದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅಮ್ಮ, ಇಲ್ಲಿ ಕೈ ಇಡಿ."

ಇಟ್ಟರು. ಫಕ್ಕನೆ ತೆಗೆದರು. ಗಿಳಿಗಳನ್ನು ನೋಡಿದರು, ನನ್ನನ್ನು ನೋಡಿದರು. ಒಳಗಿನ ಶಾಖ ಹಿಂದಿನಿಂದಲೇ ಹೊರಗೆ ಹೋಗಬೇಕು ಎಂದು ಮೇಸ್ತ್ರಿ ಹೇಳಿದ್ದನ್ನು ಹೇಳಿದೆ. ಅವರಿಗೆ ಎರಡನೆಯ ವಾಕ್ಯ ಬೇಕಾಗಲಿಲ್ಲ.

"ಅದರ ಉಸಿರಿಗೆ ನಾನೇ ಬಟ್ಟೆ ಕಟ್ಟಿಟ್ಟಿದ್ನೇನೋ?" ಎಂದವರು ಒಮ್ಮೆಲೇ ಬಕೆಟ್ಟು ಕೆಳಗಿಟ್ಟರು. "ಅಯ್ಯಯ್ಯೋ! ಇವರು ತಂತಿ ಕೊಡೋಕೆ ಹೋದ್ರಲ್ಲೋ! ಈಗಷ್ಟೇ! ಬೆಳಗ್ಗೆ ಹಾಕಿ ನೋಡಿದ್ರೂ ತಂಪು ನಿಲ್ಲಲಿಲ್ಲ, ಮಧ್ಯಾಹ್ನದವರೆಗೆ ಕಾಯೋದು ಬೇಡ ಅಂತ ಹೇಳ್ಬಿಟ್ಟು!"

ನನ್ನ ಸೈಕಲ್ಲು ಔಟ್‌ಹೌಸಿನ ಗೋಡೆಗೆ ಒರಗಿತ್ತು. ಅಂಚೆ ಕಚೇರಿಗೆ ಹತ್ತು ನಿಮಿಷ. ಕಾಲು ಆಗಲೇ ಅತ್ತ ತಿರುಗಿತ್ತು. ಆದರೆ ಅಭ್ಯಾಸ ಕೆಟ್ಟದ್ದು. ಖಚಿತವಾಗದ ಸುದ್ದಿಯನ್ನು ಅಚ್ಚಿಗೆ ಕೊಟ್ಟು ಮಾರನೆಯ ದಿನ ತಪ್ಪೊಪ್ಪಿಗೆ ಬರೆದವನ ಮುಖ ನೋಡಿದ್ದೆ. ಗೌಸು ಬಿಚ್ಚಿದರೂ ಯಂತ್ರ ತಣ್ಣಗಾಗದಿದ್ದರೆ? ನನ್ನ ಮಾತು ನಂಬಿ ಹೊರಟು, ಚಿತ್ರದುರ್ಗದಾಚೆಯ ಬಿಸಿಲಿನಲ್ಲಿ ಆಕೆ ಕುಸಿದರೆ?

"ಬಿಚ್ಚೋಣ ಅಮ್ಮ. ನೋಡ್ಕೊಂಡೇ ಹೋಗ್ತೀನಿ."

ಇಬ್ಬರೂ ಸೇರಿ ಲಾಡಿ ಬಿಚ್ಚಿದೆವು. ಬಸ್ಸಿನೊಳಗೆ ಹೋಗಿ ಉಷ್ಣಮಾಪಕದ ಎದುರು ನಿಂತೆವು. ಒಂಬತ್ತೂ ನಲವತ್ತು, ಎಂಬತ್ತೆಂಟು. ಒಂಬತ್ತೂ ನಲವತ್ತೈದು, ಎಂಬತ್ತೆಂಟು. ಅಮ್ಮನ ಮುಖ ಆಗಲೇ ಕೆಂಪೇರುತ್ತಿತ್ತು. ಹೊರಗೆ ಹೋಗಿ ಎಂದರೆ ಕದಲಲಿಲ್ಲ. "ಹೋಗೋ, ಫಾರಂ ಬರೆದಾಗಿರುತ್ತೆ," ಎಂದರು. ಒಂಬತ್ತೂ ಐವತ್ತು. ಏನೂ ಇಲ್ಲ. ನಾನು ಗಡಿಯಾರ ನೋಡುತ್ತಿದ್ದೆ, ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು.

ಒಂಬತ್ತೂ ಐವತ್ತೆರಡು. ಟಕ್!

ಗುಂಯ್‌ಗಾನ ದಪ್ಪವಾಯಿತು. ಗಾಳಿ ಮೊದಲು ಉಗುರುಬೆಚ್ಚಗೆ, ಆಮೇಲೆ ಏನೂ ಇಲ್ಲದ ಹಾಗೆ, ಆಮೇಲೆ ಅಮ್ಮನ ಹಣೆಯ ಕೂದಲನ್ನು ಹಿಂದಕ್ಕೆ ತಳ್ಳುತ್ತಾ ತಣ್ಣಗೆ. ಪಾದರಸ ಎಂಬತ್ತೈದಕ್ಕೆ ಇಳಿಯುವವರೆಗೆ ಹಲ್ಲು ಕಚ್ಚಿ ನಿಂತೆ. ಮೂರು ಡಿಗ್ರಿ. ಸಾಕು.

"ಗೌಸಿನ ವಿಷಯ ನೀನು ಹೇಳ್ಬೇಡ. ನಾನೇ ಹೇಳ್ಬೇಕು," ಎಂದು ಅಮ್ಮ ಹಿಂದಿನಿಂದ ಕೂಗಿದ್ದು ಗೇಟು ದಾಟುವಾಗ ಕೇಳಿಸಿತು.

ಸೈಕಲ್ಲನ್ನು ಅಷ್ಟು ಜೋರಾಗಿ ನಾನು ಹಿಂದೆಯೂ ತುಳಿದಿರಲಿಲ್ಲ, ಮುಂದೆಯೂ ತುಳಿಯಲಿಲ್ಲ. ಒಂದು ಎಮ್ಮೆ, ಒಂದು ಮಣ್ಣಿನ ಗುಡ್ಡೆ, ಒಬ್ಬ ತರಕಾರಿಯವನ ಬೈಗುಳ ಇಷ್ಟು ನೆನಪಿದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಎಂಜಿನಿಯರರ ಮುಂದೆ ಒಬ್ಬನೇ ಒಬ್ಬ ನಿಂತಿದ್ದ. ಅವರ ಕೈಯಲ್ಲಿ ಫಾರಂ. ಅಚ್ಚುಕಟ್ಟಾದ ದಪ್ಪ ಅಕ್ಷರಗಳಲ್ಲಿ ಬರೆದು, ಪದಗಳನ್ನು ಎಣಿಸಿ, ಎರಡು ಪದ ಹೊಡೆದುಹಾಕಿದ್ದರು.

"ಸಾರ್... ಕೊಡಬೇಡಿ..." ಉಸಿರು ಸಿಗಲಿಲ್ಲ.

"ಯಾಕಪ್ಪಾ, ಅವಳಿಗೇನಾಯ್ತು?" ಅವರ ಮುಖ ಬಿಳುಚಿತು.

"ಅಮ್ಮ ಚೆನ್ನಾಗಿದ್ದಾರೆ. ಯಂತ್ರ ಚೆನ್ನಾಗಿದೆ. ಎಂಬತ್ತೆಂಟರಿಂದ ಎಂಬತ್ತೈದು. ಮೇಸ್ತ್ರಿ ಇಲ್ಲದೆ!"

"ಮೇಸ್ತ್ರಿ ಇಲ್ಲದೆ? ಏನಾಗಿತ್ತು?"

"ಶಾಖ ಹೊರಗೆ ಹೋಗ್ತಿರ್ಲಿಲ್ಲ. ಉಳಿದಿದ್ದು ಅಮ್ಮ ಹೇಳ್ತಾರೆ."

ಕೌಂಟರಿನ ಗುಮಾಸ್ತ ಕೈ ಚಾಚಿದ. "ಸಾರ್, ಫಾರಂ ಕೊಡ್ತೀರಾ, ಪಕ್ಕಕ್ಕೆ ನಿಲ್ತೀರಾ?" ಎಂಜಿನಿಯರರು ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಮನೆಗೆ ಬಂದಾಗ ಅಮ್ಮ ಬಸ್ಸಿನ ಮಂಚದ ಮೇಲೆ, ಮಡಿಚಿದ ಗೌಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಳಗೆ ಎಪ್ಪತ್ತೆಂಟು. ಮುಚ್ಚುಮರೆಯಿಲ್ಲದೆ ಹೇಳಿದರು. "ನಾನೇ ಕಣ್ರೀ. ಈ ಗಿಳಿ."

ಎಂಜಿನಿಯರರು ಗೌಸನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾನು ಹೊರಗೆ ಜಾರಿಕೊಳ್ಳಬೇಕೆಂದಿದ್ದೆ.

"ಮದುವೆಯಾಗಿ ಬಂದ ವಾರ ನಿಂಗೆ ನಾನು ಹೇಳಿದ ಮೊದಲನೇ ಪಾಠ ಏನು, ಜ್ಞಾಪಕ ಇದೆಯಾ?" ಎಂದರು.

"ಯಂತ್ರಕ್ಕೆ ಯಮ ಅಂದ್ರೆ ಧೂಳು. ಮುಚ್ಚಿಡು."

"ಮೂವತ್ತು ವರ್ಷದಿಂದ ಅದೇ ಹೇಳ್ತಾ ಬಂದೆ. ಇದು ಉಸಿರಾಡೋ ಯಂತ್ರ ಅಂತ ಹೇಳಲಿಲ್ಲ. ಈ ಗೌಸು ನೋಡಿದ್ದೆ ಕೂಡ. ಯಂತ್ರ ನಿಂತಾಗ ಮಾತ್ರ ಹಾಕ್ತೀಯ ಅಂದ್ಕೊಂಡೆ." ಆಮೇಲೆ ನಗಲಾರಂಭಿಸಿದರು. ನಿಲ್ಲಿಸಲಾಗಲಿಲ್ಲ. ಅಮ್ಮ ಮೊದಲು ಸಿಟ್ಟು ಮಾಡಿಕೊಂಡು, ಆಮೇಲೆ ಅದೇ ಗೌಸಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

ಮೇಸ್ತ್ರಿಗೆ ಹೇಳಿ ಕಳಿಸಿದೆವು. ಅವನು ಸೊಂಟಕ್ಕೆ ಕೈಯಿಟ್ಟು ಎಲ್ಲ ಕೇಳಿದ. "ನೋಡಮ್ಮಾ, ನನ್ ಕೈ ಕೊಳೆ ಕೊಳೆ ಅಂದ್ರಿ. ಆ ಕೊಳೆಗೆ ನೀವ್ ಹೆದ್ರಿದ್ದಕ್ಕೆ ತಾನೇ ಮೆಷಿನ್ ಉಸ್ರಾಡಿದ್ದು?"

ಭಾನುವಾರ ಬಸ್ಸು ಮತ್ತೆ ಉತ್ತರಹಳ್ಳಿಗೆ ಹೋಯಿತು, ಬೆನ್ನು ಬಯಲಾಗಿ. ನಡುಮಧ್ಯಾಹ್ನ, ಎರಡು ಗಂಟೆ ಹೊತ್ತು, ಎಪ್ಪತ್ತೊಂಬತ್ತಕ್ಕಿಂತ ಮೇಲೇರಲಿಲ್ಲ. ಮದುವೆಗೆ ಎರಡು ದಿನವಿದೆ ಎನ್ನುವಾಗ, ನಸುಕಿನಲ್ಲಿ, ಹೂವಿನವಳು ಒದ್ದೆ ಬಾಳೆಲೆಯಲ್ಲಿ ಸುತ್ತಿ ತಂದ ದುಂಡುಮಲ್ಲಿಗೆಯ ಮೊಗ್ಗುಗಳ ಜೊತೆ ಅವರು ಬಳ್ಳಾರಿಗೆ ಹೊರಟರು. ಮೊಗ್ಗು ಬಳ್ಳಾರಿಯಲ್ಲೂ ಸಿಗುತ್ತದೆ, ಆದರೆ ಕೊಯ್ದ ಎರಡು ಗಳಿಗೆಗೆ ಅರಳಿಬಿಡುತ್ತದೆ. ಬಸ್ಸಿನೊಳಗೆ ಕೂತು ಕಟ್ಟಿದರೆ ಅರಳುವುದಿಲ್ಲ ಎಂಬುದು ಅಮ್ಮನ ಲೆಕ್ಕ. ನನ್ನ ನೋಟ್‌ಬುಕ್ಕನ್ನೂ ಕೇಳಿ ತೆಗೆದುಕೊಂಡು ಹೋದರು. ಗಿಳಿಗಳ ಗೌಸನ್ನು ಜನರೇಟರಿನ ಪೆಟ್ರೋಲ್ ಡಬ್ಬಕ್ಕೆ ಹಾಕಲು ಎಂಜಿನಿಯರರು ಅಪ್ಪಣೆ ಕೊಟ್ಟಿದ್ದರು.

ಹತ್ತು ದಿನದ ಮೇಲೆ ನೋಟ್‌ಬುಕ್ಕು ವಾಪಸು ಬಂತು. ಹನ್ನೊಂದನೆಯ ಪುಟದ ಕೊನೆಯ ಸಾಲು ನನ್ನ ಕೈಬರಹವಲ್ಲ. ನಾಲ್ಕೂ ಕಾಲಮ್ಮುಗಳನ್ನು ಅಮ್ಮ ಕ್ರಮವಾಗಿ ತುಂಬಿದ್ದಾರೆ. ಗಂಟೆ: ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ. ಬಸ್ಸಿನೊಳಗೆ: ಎಂಬತ್ತು, ಹೊರಗೆ ನೂರ ಎಂಟಂತೆ. ಗಾಳಿ: ತಂಪು. ಯಾರಿದ್ದರು: ನಾನು, ಮದುಮಗಳು. ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತು ಸೇರಿಸಿದ್ದಾರೆ: ಒಂದು ಮೊಗ್ಗೂ ಅರಳಿಲ್ಲ.